ಲಾಭದ ಆಚೆಗಿನ ಲೆಕ್ಕ

ಬೆಳಿಗ್ಗೆ ಹಲ್ಲುಜ್ಜುವ ಪುಡಿಯಿಂದ ಹಿಡಿದು ರಾತ್ರಿ ಆರಿಸುವ ದೀಪದವರೆಗೆ ನಮ್ಮ ನಿತ್ಯದ ಬಾಳಿನಲ್ಲಿ ಯಾವುದಾದರೊಂದು ಕಂಪೆನಿಯ ಪದಾರ್ಥವನ್ನು ಮುಟ್ಟದ ಗಳಿಗೆ ಅಪರೂಪ. ನಿಮ್ಮ ಮನೆಯ ರೇಡಿಯೋ ಪೆಟ್ಟಿಗೆಯೂ ಯಾವುದೋ ಕಂಪೆನಿ ಮಾಡಿದ್ದೇ ಸರಿ. ಇಷ್ಟಕ್ಕೇ ಈ ನಂಟು ಮುಗಿಯಲಿಲ್ಲ. ನೀವು ನಿಮ್ಮ ಹೆಸರಿನಲ್ಲಿ ಒಂದು ಷೇರನ್ನೂ ಕೊಂಡವರಲ್ಲದೆ ಇರಬಹುದು. ಆದರೂ ನೀವು ಕಟ್ಟುವ ಜೀವವಿಮೆಯ ಕಂತು, ಸಂಬಳದಲ್ಲಿ ಮುರಿದುಕೊಳ್ಳುವ ಭವಿಷ್ಯನಿಧಿ, ಮಗನ ಓದಿಗೆಂದು ತಿಂಗಳು ತಿಂಗಳೂ ಮ್ಯೂಚುಯಲ್ ಫಂಡಿಗೆ ಹಾಕುವ ಸಾವಿರ ರೂಪಾಯಿ, ಇವುಗಳಲ್ಲಿ ಒಂದು ಪಾಲು ಸುತ್ತಿ ಬಳಸಿ ದೊಡ್ಡ ಕಂಪೆನಿಗಳ ಬಂಡವಾಳವಾಗಿ ಕೂತಿರುತ್ತದೆ. ಹೀಗೆ ಕಂಪೆನಿಗಳ ವಿಷಯದಲ್ಲಿ ನಾವೆಲ್ಲರೂ ಗಿರಾಕಿಗಳು ಮಾತ್ರವಲ್ಲ. ನಮಗೆ ತಿಳಿಯದಂತೆಯೇ ಸಣ್ಣಪುಟ್ಟ ಪಾಲುಗಾರರೂ ಆಗಿದ್ದೇವೆ.

ಪಾಲುಗಾರನಾದವನು ವರ್ಷಕ್ಕೊಮ್ಮೆ ಲೆಕ್ಕ ಕೇಳುವುದು ವಾಡಿಕೆ. ಕಂಪೆನಿಯೂ ಲೆಕ್ಕ ಕೊಡುತ್ತದೆ. ಎಷ್ಟು ಬಂತು, ಎಷ್ಟು ಹೋಯಿತು, ಸಾಲವೆಷ್ಟು, ಆಸ್ತಿಯೆಷ್ಟು, ಲಾಭವೆಷ್ಟು ಎಂಬುದನ್ನೆಲ್ಲ ಅಢಾವೆ ಪತ್ರಿಕೆಯಲ್ಲಿ, ಅಂದರೆ ಬ್ಯಾಲೆನ್ಸ್ ಷೀಟಿನಲ್ಲಿ, ಅಂಕಿಗಳಾಗಿ ಬರೆದು ಆಡಿಟರ ರುಜು ಹಾಕಿಸಿ ಅಚ್ಚು ಮಾಡಿ ಹಂಚುತ್ತದೆ. ಆದರೆ ಇಲ್ಲಿ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ. ಕಂಪೆನಿ ಬಳಸಿದ್ದು ಹಣವನ್ನು ಮಾತ್ರವೇ? ಅದು ಹೊಳೆಯ ನೀರನ್ನು ಬಳಸಿತು, ಗಾಳಿಗೆ ಹೊಗೆಯನ್ನು ಬಿಟ್ಟಿತು, ಸಾವಿರಾರು ಜನರ ತೋಳಿನ ಬಲವನ್ನೂ ಕಣ್ಣಿನ ಬೆಳಕನ್ನೂ ಉಪಯೋಗಿಸಿಕೊಂಡಿತು. ಇವುಗಳ ಜಮಾಖರ್ಚು ಎಲ್ಲಿದೆ?

ಈ ಎರಡನೆಯ ಲೆಕ್ಕಕ್ಕೆ ಈಗಿನವರು ಇಟ್ಟಿರುವ ಹೆಸರು ‘ಹಣಕಾಸೇತರ ಸುಸ್ಥಿರತಾ ವರದಿ’. ಹೆಸರು ಸ್ವಲ್ಪ ಭಾರವಾಯಿತು; ಅರ್ಥ ಮಾತ್ರ ಸರಳ. ಇಂದು ನಡೆಸುವ ಉದ್ಯಮ ನಾಳೆಯ ಬಾಳನ್ನು ಕೆಡಿಸದೆ ನಿಂತೀತೇ ಎಂಬುದನ್ನು ತಿಳಿಸುವ ಲೆಕ್ಕ ಇದು. ಈ ಲೆಕ್ಕವನ್ನು ಬರೆಯುವವರು ಯಾರು, ಸರಿಯೋ ತಪ್ಪೋ ಎಂದು ನೋಡುವವರು ಯಾರು, ತಪ್ಪಿದಾಗ ತಡೆದು ಕೇಳುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿರುವುದು ಕಂಪೆನಿಯ ಆಡಳಿತಕ್ರಮದಲ್ಲಿ. ಆಡಳಿತ ಗಟ್ಟಿಯಾಗಿದ್ದರೆ ವರದಿಗೆ ಬೆಲೆ. ಆಡಳಿತ ಟೊಳ್ಳಾಗಿದ್ದರೆ ವರದಿ ಬರಿಯ ಚಿತ್ರಪಟ. ಈ ಸಂಬಂಧವನ್ನು ನಡೆದ ಸಂಗತಿಗಳ ಆಧಾರದಿಂದ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹಣದ ಪುಸ್ತಕದಲ್ಲಿ ಕಾಣದ ಖರ್ಚು

ಮೊದಲು ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರನ್ನು ತೆಗೆಯುವುದಕ್ಕಾಗಿ ೧೯೭೬ರಲ್ಲಿ ಕೇಂದ್ರ ಸರ್ಕಾರದ ಕಂಪೆನಿಯೊಂದು ಸ್ಥಾಪಿತವಾಯಿತು. ಬೆಟ್ಟವನ್ನು ಅಗೆದು, ಅದಿರನ್ನು ಅರೆದು, ನೀರಿನಲ್ಲಿ ಕಲಸಿ, ಸುಮಾರು ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗಿನ ಮಂಗಳೂರಿಗೆ ಹರಿಸುವ ಏರ್ಪಾಡು ಅದು. ಯಂತ್ರಶಾಸ್ತ್ರದ ದೃಷ್ಟಿಯಿಂದ ಅದೊಂದು ಸಾಹಸವೇ ಸರಿ. ಅದಿರು ಪರದೇಶಕ್ಕೆ ಹೋಯಿತು, ವಿದೇಶೀ ಹಣ ಬಂತು, ಸಾವಿರಾರು ಸಂಸಾರಗಳಿಗೆ ಅನ್ನ ದೊರೆಯಿತು. ಇದಾವುದೂ ಸುಳ್ಳಲ್ಲ.

ಆದರೆ ಆ ಬೆಟ್ಟಗಳು ಭದ್ರೆಯ ತವರು. ವರ್ಷದಲ್ಲಿ ನಾಲ್ಕೈದು ತಿಂಗಳು ಎಡೆಬಿಡದೆ ಮಳೆ ಹೊಯ್ಯುವ ಸೀಮೆ. ಅಗೆದ ಮಣ್ಣು ಮಳೆಗೆ ಕೊಚ್ಚಿ ಹೊಳೆಗೆ ಇಳಿದು ಹೂಳಾಗುತ್ತಿದೆ, ಕೆಳಗಿನ ರೈತರಿಗೂ ಕಾಡಿಗೂ ಕೇಡಾಗುತ್ತಿದೆ ಎಂಬ ಕೂಗು ವರ್ಷೇ ವರ್ಷೇ ಬೆಳೆಯಿತು. ಕಡೆಗೆ ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ೨೦೦೫ರ ಕೊನೆಯೊಳಗಾಗಿ ಗಣಿಗಾರಿಕೆ ನಿಲ್ಲಬೇಕೆಂದು ೨೦೦೨ರಲ್ಲಿ ತೀರ್ಪಾಯಿತು. ಅದರಂತೆ ನಿಂತೂ ಹೋಯಿತು.

ಇದರಿಂದ ನಾವು ಗ್ರಹಿಸಬೇಕಾದುದೇನು? ಅಢಾವೆ ಪತ್ರಿಕೆಯಲ್ಲಿ ಹೊಳೆಗೆ ಕಲಮು ಇರುವುದಿಲ್ಲ. ಹೂಳನ್ನು ಯಾವ ಆಡಿಟರೂ ಸಾಲದ ಬಾಬಿನಲ್ಲಿ ಬರೆಯುವುದಿಲ್ಲ. ಹಾಗೆಂದು ಅದು ಸಾಲವಲ್ಲದೆ ಹೋಗಲಿಲ್ಲ. ಹಣಕಾಸಿಗೆ ಸೇರದ್ದೆಂದು ಹೊರಗಿಟ್ಟ ಸಂಗತಿಯೇ ಒಂದು ದಿನ ಬಾಗಿಲಿಗೆ ಬಂದು ನಿಂತು ಗಣಿಯನ್ನೇ ಮುಚ್ಚಿಸಿತು. ಆದುದರಿಂದ ‘ಹಣಕಾಸೇತರ’ ಎಂಬ ಮಾತಿಗೆ ‘ಹಣಕ್ಕೆ ಸಂಬಂಧವಿಲ್ಲದ್ದು’ ಎಂದು ಅರ್ಥ ಮಾಡಬಾರದು. ‘ಇನ್ನೂ ಹಣದ ರೂಪಕ್ಕೆ ಬಾರದೆ ಇರುವುದು’ ಎಂದು ಅರ್ಥ ಮಾಡುವುದೇ ಲೇಸು.

ಆಡಳಿತಕ್ರಮವೆಂದರೇನು?

ಹಿಂದೆ ನಮ್ಮ ಹಳ್ಳಿಗಳಲ್ಲಿ ಅಧಿಕಾರ ನಡೆಸುವ ಪಟೇಲನೊಬ್ಬ, ಲೆಕ್ಕ ಬರೆಯುವ ಶಾನುಭೋಗನೊಬ್ಬ ಇರುತ್ತಿದ್ದರು. ವರ್ಷಕ್ಕೊಮ್ಮೆ ಜಮಾಬಂದಿಗೆ ಮೇಲಧಿಕಾರಿ ಬಂದು ಪುಸ್ತಕಗಳನ್ನು ತರಿಸಿ ನೋಡುತ್ತಿದ್ದರು. ಆಳುವ ಕೈ, ಬರೆಯುವ ಕೈ, ಪರೀಕ್ಷಿಸುವ ಕಣ್ಣು, ಈ ಮೂರೂ ಒಬ್ಬನವೇ ಆಗಬಾರದೆಂಬ ವಿವೇಕ ಆ ಏರ್ಪಾಡಿನಲ್ಲಿತ್ತು. ಮೂವರೂ ಒಂದಾಗಿ ಊರನ್ನು ನುಂಗಿದ ಕಥೆಗಳು ಇಲ್ಲವೆಂದಲ್ಲ. ಆದರೆ ಏರ್ಪಾಡಿನ ತತ್ತ್ವ ಸರಿಯಾದದ್ದು. ಕಂಪೆನಿಗಳ ಆಡಳಿತಕ್ರಮದ ತಿರುಳೂ ಇದೇ.

ಒಂದು ದೊಡ್ಡ ಕಂಪೆನಿಗೆ ಲಕ್ಷಾಂತರ ಷೇರುದಾರರಿರುತ್ತಾರೆ. ಅವರು ದೇಶದ ಮೂಲೆ ಮೂಲೆಗಳಲ್ಲಿ ಚದುರಿರುವವರು. ದಿನದಿನದ ಕೆಲಸವನ್ನು ನಡೆಸುವವರು ಸಂಬಳದ ವ್ಯವಸ್ಥಾಪಕರು. ಹಣ ಒಬ್ಬರದು, ಕಾರುಬಾರು ಇನ್ನೊಬ್ಬರದು. ಇವರಿಬ್ಬರ ನಡುವೆ ಷೇರುದಾರರ ಪರವಾಗಿ ಕೂತು ಹಾದಿ ತೋರಿಸುವ, ಕಡಿವಾಣ ಹಿಡಿಯುವ ಸಭೆಯೇ ನಿರ್ದೇಶಕ ಮಂಡಳಿ. ಕಂಪೆನಿಗಳಿಗೆ ಹಾದಿ ತೋರಿಸಿ ಹತೋಟಿಯಲ್ಲಿಡುವ ಪದ್ಧತಿಯೇ ಆಡಳಿತಕ್ರಮವೆಂದು ಇಂಗ್ಲೆಂಡಿನ ಕ್ಯಾಡ್ಬರಿ ಸಮಿತಿ ೧೯೯೨ರಲ್ಲಿ ಹೇಳಿದ ಲಕ್ಷಣ ಇಂದಿಗೂ ಮಾನ್ಯವಾಗಿದೆ.

ನಮ್ಮ ದೇಶದಲ್ಲಿ ಷೇರುಪೇಟೆಯ ನಿಯಂತ್ರಣಕ್ಕಾಗಿ ಇರುವ ಸಂಸ್ಥೆ ಸೆಬಿ. ಅದು ೧೯೯೯ರಲ್ಲಿ ಕುಮಾರಮಂಗಲಂ ಬಿರ್ಲಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದರ ಸಲಹೆಗಳು ಷೇರುಪೇಟೆಯ ಕರಾರಿನ ೪೯ನೆಯ ಕಲಮಾಗಿ ೨೦೦೦ದಲ್ಲಿ ಜಾರಿಗೆ ಬಂದವು. ಅನಂತರ ೨೦೦೩ರಲ್ಲಿ ನಮ್ಮ ಕರ್ನಾಟಕದವರೇ ಆದ ಎನ್. ಆರ್. ನಾರಾಯಣಮೂರ್ತಿಯವರ ಅಧ್ಯಕ್ಷತೆಯ ಸಮಿತಿ ತನ್ನ ವರದಿಯನ್ನು ಒಪ್ಪಿಸಿತು. ಕಂಪೆನಿಯೊಳಗೆ ನಡೆಯುವ ಅಕ್ರಮವನ್ನು ಕಂಡ ನೌಕರನು ಮೇಲಿನವರಿಗೆ ಹೆದರದೆ ಲೆಕ್ಕ ಪರಿಶೋಧನಾ ಸಮಿತಿಗೆ ನೇರವಾಗಿ ತಿಳಿಸುವ ಮಾರ್ಗವಿರಬೇಕೆಂಬುದು ಆ ವರದಿಯ ಮುಖ್ಯ ಸಲಹೆಗಳಲ್ಲಿ ಒಂದು. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನ ಬರುತ್ತದೆ.

೨೦೧೩ರ ಕಂಪೆನಿ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ೧೬೬ನೆಯ ಕಲಮು ನಿರ್ದೇಶಕರ ಕರ್ತವ್ಯವನ್ನು ಹೇಳುವಾಗ ಷೇರುದಾರರ ಹಿತವೊಂದನ್ನೇ ಹೇಳಿ ಸುಮ್ಮನಾಗುವುದಿಲ್ಲ. ನೌಕರರ ಹಿತ, ಸಮುದಾಯದ ಹಿತ, ಪರಿಸರದ ರಕ್ಷಣೆ ಇವೂ ಅವರ ಹೊಣೆಯೊಳಗೆ ಸೇರುತ್ತವೆಂದು ಸ್ಪಷ್ಟಪಡಿಸುತ್ತದೆ. ಎಂದರೆ ಹೊಳೆಯ ನೀರು ನಿರ್ದೇಶಕನ ದಯೆಗೆ ಬಿಟ್ಟ ವಿಷಯವಲ್ಲ. ಅವನ ಕರ್ತವ್ಯದ ವಿಷಯ. ಕರ್ತವ್ಯವಿದ್ದ ಮೇಲೆ ಅದನ್ನು ಹೇಗೆ ನಡೆಸಿದನೆಂದು ಲೆಕ್ಕ ಒಪ್ಪಿಸುವ ಹೊಣೆಯೂ ಹಿಂದೆಯೇ ಬರುತ್ತದೆ.

ವರದಿ ಬೆಳೆದು ಬಂದ ಬಗೆ

೧೯೮೯ರ ಮಾರ್ಚಿಯಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ಎಣ್ಣೆಯ ಹಡಗು ಅಮೆರಿಕದ ಅಲಾಸ್ಕಾ ತೀರದಲ್ಲಿ ಬಂಡೆಗೆ ತಗುಲಿ ಒಡೆದು, ಸಮುದ್ರಕ್ಕೆಲ್ಲ ಎಣ್ಣೆ ಚೆಲ್ಲಿತು. ಹಕ್ಕಿಗಳೂ ಮೀನುಗಳೂ ಲೆಕ್ಕವಿಲ್ಲದಷ್ಟು ಸತ್ತವು. ಕಂಪೆನಿಗಳು ಇಂಥ ಅಪಾಯಗಳನ್ನು ಹೇಗೆ ನೋಡಿಕೊಳ್ಳುತ್ತಿವೆಯೆಂದು ಹಣ ಹಾಕಿದವರೇ ಕೇಳತೊಡಗಿದರು. ಈ ಚಳವಳಿಯಿಂದ ೧೯೯೭ರಲ್ಲಿ ಬಾಸ್ಟನ್ ನಗರದಲ್ಲಿ ‘ಜಾಗತಿಕ ವರದಿಯ ಉಪಕ್ರಮ’ವೆಂಬ ಸಂಸ್ಥೆ ಹುಟ್ಟಿ, ೨೦೦೦ದಲ್ಲಿ ವರದಿಯ ಮೊದಲ ಮಾದರಿಯನ್ನು ಹೊರತಂದಿತು. ಯೂರೋಪಿನ ಒಕ್ಕೂಟ ೨೦೧೪ರಲ್ಲಿ ಇಂಥ ವರದಿಯನ್ನು ದೊಡ್ಡ ಕಂಪೆನಿಗಳಿಗೆ ಕಡ್ಡಾಯಗೊಳಿಸುವ ಆದೇಶ ಹೊರಡಿಸಿತು.

ನಾವು ಈ ವಿಷಯದಲ್ಲಿ ತೀರ ಹಿಂದುಳಿದವರೇನಲ್ಲ. ನಿರ್ದೇಶಕ ಮಂಡಳಿ ತನ್ನ ವಾರ್ಷಿಕ ವರದಿಯಲ್ಲಿ ಇಂಧನದ ಉಳಿತಾಯದ ವಿವರ ಕೊಡಬೇಕೆಂಬ ನಿಯಮ ನಮ್ಮಲ್ಲಿ ೧೯೮೮ರಲ್ಲಿಯೇ ಬಂದಿತ್ತು. ೨೦೧೧ರಲ್ಲಿ ಕೇಂದ್ರ ಸರ್ಕಾರ ಉದ್ಯಮಗಳ ನಡತೆಗೆ ಒಂಬತ್ತು ತತ್ತ್ವಗಳನ್ನು ಗೊತ್ತುಮಾಡಿತು. ೨೦೧೨ರಲ್ಲಿ ಸೆಬಿಯು ಷೇರುಪೇಟೆಯ ಅತಿ ದೊಡ್ಡ ೧೦೦ ಕಂಪೆನಿಗಳು ಈ ತತ್ತ್ವಗಳಿಗೆ ಅನುಸಾರವಾಗಿ ವರದಿ ಕೊಡಬೇಕೆಂದು ವಿಧಿಸಿತು. ಕ್ರಮಕ್ರಮವಾಗಿ ಸಂಖ್ಯೆ ಬೆಳೆಯಿತು. ೨೦೨೧ರಲ್ಲಿ ಹೊಸ ನಮೂನೆಯೊಂದು ಬಂತು. ‘ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ’ ಎಂಬ ಈ ನಮೂನೆಯನ್ನು ಇಂಗ್ಲಿಷಿನ ಮೊದಲಕ್ಷರಗಳಿಂದ ಬಿ.ಆರ್.ಎಸ್.ಆರ್. ಎಂದು ಕರೆಯುತ್ತಾರೆ. ೨೦೨೨–೨೩ರ ಲೆಕ್ಕದ ವರ್ಷದಿಂದ ಅದು ಮೊದಲ ೧,೦೦೦ ಕಂಪೆನಿಗಳಿಗೆ ಕಡ್ಡಾಯವಾಯಿತು.

ಇದರಲ್ಲಿ ಏನೇನು ಬರೆಯಬೇಕು? ಎಷ್ಟು ವಿದ್ಯುತ್ತು, ಎಷ್ಟು ಇಂಧನ ಉರಿಯಿತು. ಹೊಳೆಯಿಂದ ಎಷ್ಟು, ನೆಲದೊಳಗಿನಿಂದ ಎಷ್ಟು ನೀರು ತೆಗೆಯಲಾಯಿತು. ಎಷ್ಟು ಟನ್ನು ಕಸ ಹುಟ್ಟಿತು, ಅದು ಎಲ್ಲಿಗೆ ಹೋಯಿತು. ಕೆಲಸದಲ್ಲಿ ಎಷ್ಟು ಜನ ಗಾಯಗೊಂಡರು, ಎಷ್ಟು ಜನ ಸತ್ತರು. ಗಂಡಸರಿಗೂ ಹೆಂಗಸರಿಗೂ ಸಂಬಳವೆಷ್ಟು. ಎಷ್ಟು ದೂರುಗಳು ಬಂದವು, ಎಷ್ಟು ಉಳಿದವು. ದಂಡ ತೆತ್ತದ್ದೆಷ್ಟು ಎಂಬಿವೇ ಮೊದಲಾದ ವಿವರಗಳು. ಇವು ಅಲಂಕಾರದ ಮಾತುಗಳಲ್ಲ. ತೂಗಿ ಅಳೆದು ಹೇಳಬೇಕಾದ ಅಂಕಿಗಳು.

ಮೇಲೆ ಥಳಕು, ಒಳಗೆ ಹುಳುಕು

ಹಾಗಾದರೆ ಒಳ್ಳೆಯ ವರದಿ ಬರೆದ ಕಂಪೆನಿಯೆಲ್ಲವೂ ಒಳ್ಳೆಯ ಕಂಪೆನಿಯೇ? ಈ ಪ್ರಶ್ನೆಗೆ ಜರ್ಮನಿಯ ವೋಕ್ಸ್‌ವ್ಯಾಗನ್ ಮೋಟಾರು ಕಂಪೆನಿಯ ಕಥೆ ಕಣ್ಣು ತೆರೆಸುವ ಉತ್ತರ.

ಪರಿಸರದ ವಿಷಯದಲ್ಲಿ ಈ ಕಂಪೆನಿಗೆ ಬಹಳ ಒಳ್ಳೆಯ ಹೆಸರಿತ್ತು. ವರ್ಷವರ್ಷವೂ ಸೊಗಸಾದ ಸುಸ್ಥಿರತಾ ವರದಿಗಳನ್ನು ಅಚ್ಚುಹಾಕಿಸುತ್ತಿತ್ತು. ತನ್ನ ಡೀಸೆಲ್ ಕಾರುಗಳು ಶುದ್ಧವಾದವೆಂದು ಅಮೆರಿಕದಲ್ಲಿ ಜಾಹೀರಾತು ಮಾಡಿತ್ತು. ೨೦೧೫ರ ಸೆಪ್ಟೆಂಬರಿನಲ್ಲಿ ಡೌ ಜೋನ್ಸ್ ಸುಸ್ಥಿರತಾ ಸೂಚಿಯಲ್ಲಿ ಮೋಟಾರು ಉದ್ಯಮದ ಮೊದಲ ಸ್ಥಾನವೇ ಅದಕ್ಕೆ ದೊರೆಯಿತು. ಅದೇ ತಿಂಗಳ ೧೮ರಂದು ಅಮೆರಿಕದ ಪರಿಸರ ರಕ್ಷಣಾ ಇಲಾಖೆ ಆ ಕಂಪೆನಿಯ ಮೇಲೆ ಆಪಾದನೆಯ ನೋಟೀಸು ಹೊರಡಿಸಿತು.

ನಡೆದದ್ದೇನೆಂದರೆ, ಕಾರಿನ ಯಂತ್ರವನ್ನು ನಡೆಸುವ ಗಣಕದೊಳಗೆ ಒಂದು ಕಪಟದ ಸೂತ್ರವನ್ನು ಅಡಗಿಸಿಟ್ಟಿದ್ದರು. ಕಾರು ಪರೀಕ್ಷಾಲಯದಲ್ಲಿದೆಯೋ ರಸ್ತೆಯಲ್ಲಿದೆಯೋ ಎಂಬುದನ್ನು ಅದು ಪತ್ತೆಮಾಡುತ್ತಿತ್ತು. ಪರೀಕ್ಷೆಯೆಂದು ತಿಳಿದೊಡನೆ ಹೊಗೆಯನ್ನು ಶುದ್ಧಿಮಾಡುವ ಸಾಧನ ಪೂರ್ತಿ ಕೆಲಸ ಮಾಡುತ್ತಿತ್ತು. ರಸ್ತೆಗೆ ಬಂದೊಡನೆ ಸಡಿಲವಾಗುತ್ತಿತ್ತು. ರಸ್ತೆಯಲ್ಲಿ ಓಡುವಾಗ ಸಾರಜನಕದ ವಿಷಾನಿಲಗಳು ಗೊತ್ತಾದ ಮಿತಿಗಿಂತ ೪೦ ಪಟ್ಟಿನವರೆಗೂ ಹೊರಬೀಳುತ್ತಿದ್ದವು. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ತಕ್ಕಡಿಯನ್ನು ಸರಿಮಾಡಿಡುವ ಅಂಗಡಿಯವನ ಜಾಣತನವನ್ನೇ ಯಂತ್ರಕ್ಕೆ ಕಲಿಸಿದಂತಾಯಿತು. ಪಶ್ಚಿಮ ವರ್ಜೀನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಕಾರುಗಳನ್ನು ಪರೀಕ್ಷಾಲಯದಿಂದ ಹೊರಗೆ ರಸ್ತೆಯ ಮೇಲೆ ಓಡಿಸಿ ಅಳೆದುದರಿಂದ ಈ ಅಂತರ ಬೆಳಕಿಗೆ ಬಂತು. ಇಂಥ ಕಾರುಗಳು ಜಗತ್ತಿನಲ್ಲಿ ಸುಮಾರು ೧ ಕೋಟಿ ೧೦ ಲಕ್ಷ ಇವೆಯೆಂದು ಕಂಪೆನಿಯೇ ಒಪ್ಪಿಕೊಂಡಿತು. ಮುಖ್ಯಾಧಿಕಾರಿ ಸೆಪ್ಟೆಂಬರ್ ೨೩ರಂದು ರಾಜೀನಾಮೆ ಕೊಟ್ಟರು. ಸುಸ್ಥಿರತಾ ಸೂಚಿಯಿಂದ ಕಂಪೆನಿಯ ಹೆಸರನ್ನು ತೆಗೆದುಹಾಕಲಾಯಿತು. ೨೦೧೭ರಲ್ಲಿ ಅಮೆರಿಕದಲ್ಲಿ ಕಂಪೆನಿ ತಪ್ಪೊಪ್ಪಿಕೊಂಡು ೪೩೦ ಕೋಟಿ ಡಾಲರು ದಂಡ ತೆರಲು ಸಮ್ಮತಿಸಿತು. ಎಲ್ಲವೂ ಸೇರಿ ಈ ಹಗರಣದಿಂದ ಆದ ಖರ್ಚು ೩,೦೦೦ ಕೋಟಿ ಯೂರೋಗಳನ್ನೂ ಮೀರಿತು.

ವರದಿಯಲ್ಲಿ ಕಾಣದ ರೋಗ ಎಲ್ಲಿತ್ತು? ಆಡಳಿತದಲ್ಲಿತ್ತು. ಜರ್ಮನಿಯ ಪದ್ಧತಿಯಂತೆ ಆ ಕಂಪೆನಿಗೆ ಕೆಲಸ ನಡೆಸುವ ಮಂಡಳಿಯೊಂದು, ಅದರ ಮೇಲೆ ಕಣ್ಣಿಡುವ ಮೇಲ್ವಿಚಾರಣಾ ಮಂಡಳಿಯೊಂದು ಇದೆ. ಆ ಮೇಲಿನ ಮಂಡಳಿಯ ೨೦ ಪೀಠಗಳಲ್ಲಿ ಅರ್ಧ ಕಾರ್ಮಿಕರ ಪ್ರತಿನಿಧಿಗಳವು. ಉಳಿದ ಅರ್ಧದಲ್ಲಿ ಅರ್ಧಕ್ಕಿಂತ ಹೆಚ್ಚು ಓಟುಗಳನ್ನು ಹಿಡಿದಿದ್ದ ಸ್ಥಾಪಕ ಮನೆತನದವರದೂ ೨೦ ಶೇಕಡ ಓಟು ಹೊಂದಿದ್ದ ಲೋವರ್ ಸ್ಯಾಕ್ಸನಿ ರಾಜ್ಯ ಸರ್ಕಾರದವರದೂ ಮೇಲುಗೈ. ಕಂಪೆನಿಯ ಲಾಭದಲ್ಲಾಗಲಿ ಉದ್ಯೋಗದಲ್ಲಾಗಲಿ ಪಾಲಿಲ್ಲದೆ, ದೂರದಲ್ಲಿ ನಿಂತು ‘ಇದು ಹೇಗೆ ಸಾಧ್ಯ?’ ಎಂದು ಕೇಳಬಲ್ಲ ಸ್ವತಂತ್ರರು ಕಡಿಮೆ. ಕಂಪೆನಿಯ ಕೆಲವು ವಿಭಾಗಗಳಲ್ಲಿ ನಿಯಮಭಂಗವನ್ನು ಸಹಿಸಿಕೊಳ್ಳುವ ಮನೋಭಾವ ಬೆಳೆದಿತ್ತೆಂದು ಆ ವರ್ಷದ ಡಿಸೆಂಬರಿನಲ್ಲಿ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷರೇ ಒಪ್ಪಿಕೊಂಡರು. ಅಕ್ರಮವನ್ನು ಕಂಡ ನೌಕರನಿಗೆ ಬಾಯಿ ಬಿಡುವ ದಾರಿಯಿರಬೇಕೆಂದು ನಮ್ಮ ಸಮಿತಿ ೨೦೦೩ರಲ್ಲಿ ಹೇಳಿದ ಮಾತಿನ ಬೆಲೆ ಇಲ್ಲಿ ತಿಳಿಯುತ್ತದೆ. ಯಂತ್ರದೊಳಗೆ ಅಡಗಿಸಿಟ್ಟದ್ದನ್ನು ಮಂಡಳಿಯ ಸದಸ್ಯ ಕಣ್ಣಾರೆ ಕಾಣಲಾರ. ಅದನ್ನು ಮಾಡಿದವನ ಪಕ್ಕದ ಮೇಜಿನಲ್ಲಿ ಕೂತವನು ಕಾಣುತ್ತಾನೆ. ಅವನ ಮಾತು ಮೇಲಕ್ಕೆ ತಲುಪುವ ದಾರಿಯನ್ನು ತೆರೆದಿಡುವುದೇ ಆಡಳಿತದ ಕೆಲಸ.

ರೂಪವಿದ್ದರೆ ಸಾಲದು

ಇಷ್ಟು ಓದಿದ ಮೇಲೆ, ‘ಸರಿ, ಸ್ವತಂತ್ರ ನಿರ್ದೇಶಕರನ್ನು ಕೂಡಿಸಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ’ ಎಂದು ಯಾರಾದರೂ ಭಾವಿಸಿದರೆ ಅವರಿಗೆ ನಮ್ಮ ದೇಶದ್ದೇ ಇನ್ನೊಂದು ಪಾಠವುಂಟು. ಹೈದರಾಬಾದಿನ ಸತ್ಯಂ ಕಂಪೆನಿಯ ನಿರ್ದೇಶಕ ಮಂಡಳಿಯಲ್ಲಿ ಹೆಸರಾಂತ ವಿದ್ವಾಂಸರಿದ್ದರು. ಲೆಕ್ಕ ಪರಿಶೋಧನಾ ಸಮಿತಿಯಿತ್ತು. ಹೊರಗಿನ ದೊಡ್ಡ ಆಡಿಟರಿದ್ದರು. ೨೦೦೮ರಲ್ಲಿ ಒಳ್ಳೆಯ ಆಡಳಿತಕ್ಕಾಗಿ ಬಂಗಾರದ ನವಿಲಿನ ಪ್ರಶಸ್ತಿಯೂ ಬಂತು. ಆ ವರ್ಷದ ಡಿಸೆಂಬರಿನಲ್ಲಿ ಸ್ಥಾಪಕರ ಕುಟುಂಬಕ್ಕೆ ಸೇರಿದ ಎರಡು ಕಂಪೆನಿಗಳನ್ನು ೧೬೦ ಕೋಟಿ ಡಾಲರಿಗೆ ಕೊಳ್ಳುವ ಪ್ರಸ್ತಾಪಕ್ಕೆ ಈ ಮಂಡಳಿ ಒಪ್ಪಿಗೆ ಕೊಟ್ಟಿತು. ಷೇರುದಾರರು ಗದ್ದಲವೆಬ್ಬಿಸಿದ್ದರಿಂದ ಒಂದು ದಿನದೊಳಗೆ ಅದನ್ನು ಹಿಂದೆಗೆಯಬೇಕಾಯಿತು. ಕೆಲವೇ ದಿನಗಳಲ್ಲಿ, ೨೦೦೯ರ ಜನವರಿ ೭ರಂದು, ಬ್ಯಾಂಕಿನಲ್ಲಿದೆಯೆಂದು ಪುಸ್ತಕದಲ್ಲಿ ಬರೆದಿದ್ದ ೫,೦೦೦ ಕೋಟಿ ರೂಪಾಯಿಗೂ ಮಿಕ್ಕ ಹಣ ಅಲ್ಲಿ ಇಲ್ಲವೇ ಇಲ್ಲವೆಂದು ಅಧ್ಯಕ್ಷರೇ ಪತ್ರ ಬರೆದು ಒಪ್ಪಿಕೊಂಡರು.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಬ್ಯಾಂಕಿನ ಹಣವೆಂಬುದು ಒಂದು ಕಾಗದ ಬರೆದು ವಿಚಾರಿಸಿದರೆ ತಿಳಿಯುವ ವಸ್ತು. ಅದರ ಲೆಕ್ಕವೇ ಇಷ್ಟೊಂದು ಕಾವಲುಗಾರರ ಕಣ್ಣೆದುರಿಗೆ ಸುಳ್ಳಾಗಬಲ್ಲುದಾದರೆ, ಆಕಾಶಕ್ಕೆ ಏರಿ ಮಾಯವಾಗುವ ಹೊಗೆಯ ಲೆಕ್ಕ, ರಾತ್ರಿಯ ಹೊತ್ತು ಹಳ್ಳಕ್ಕೆ ಬಿಟ್ಟ ನೀರಿನ ಲೆಕ್ಕ ಸುಳ್ಳಾಗುವುದು ಎಷ್ಟು ಸುಲಭ! ಆದುದರಿಂದ ಹಣದ ಪುಸ್ತಕಕ್ಕೆ ಬೇಕಾದುದಕ್ಕಿಂತ ಈ ಎರಡನೆಯ ಪುಸ್ತಕಕ್ಕೆ ಆಡಳಿತದ ಬಿಗಿ ಹೆಚ್ಚಾಗಿ ಬೇಕೇ ಹೊರತು ಕಡಿಮೆಯಾಗಿ ಅಲ್ಲ.

ಎರಡನ್ನೂ ಕಟ್ಟುವ ಹುರಿ

ಹೊಸ ನಮೂನೆಯಲ್ಲಿ ಈ ಸಂಬಂಧವನ್ನು ಗಮನಿಸಿ ಕೆಲವು ಕಟ್ಟುಗಳನ್ನು ಹಾಕಿದ್ದಾರೆ. ಅದರಲ್ಲಿ ಮೂರು ಭಾಗಗಳುಂಟು. ಮೊದಲನೆಯದು ಕಂಪೆನಿಯ ಪರಿಚಯ. ಮೂರನೆಯದು ಒಂಬತ್ತು ತತ್ತ್ವಗಳಿಗೂ ಬೇರೆ ಬೇರೆಯಾಗಿ ಅಂಕಿಅಂಶ. ನಡುವಿನ ಎರಡನೆಯ ಭಾಗ ಪೂರ್ತಿಯಾಗಿ ಆಡಳಿತದ್ದೇ. ಈ ನೀತಿಗಳನ್ನು ಮಂಡಳಿ ಒಪ್ಪಿದೆಯೇ? ಇವುಗಳಿಗೆ ಹೊಣೆಯಾದ ಅತ್ಯುನ್ನತ ಅಧಿಕಾರಿ ಯಾರು? ಇದಕ್ಕಾಗಿ ಮಂಡಳಿಯ ಸಮಿತಿಯೊಂದು ಇದೆಯೇ? ಹಾಕಿಕೊಂಡ ಗುರಿ ಯಾವುದು, ಮುಟ್ಟಿದ್ದೆಷ್ಟು, ಮುಟ್ಟದಿದ್ದರೆ ಕಾರಣವೇನು? ಈ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಹೊಣೆ ಹೊತ್ತ ನಿರ್ದೇಶಕ ತನ್ನ ಹೇಳಿಕೆಯನ್ನು ಸೇರಿಸಬೇಕು. ‘ಎಲ್ಲರೂ ಮಾಡಿದ ಕೆಲಸ ಯಾರೂ ಮಾಡದ ಕೆಲಸ’ವಾಗದಂತೆ ಒಬ್ಬನ ಹೆಗಲಿಗೆ ಭಾರ ಹಾಕುವುದೇ ಇದರ ಉದ್ದೇಶ.

ಎರಡನೆಯ ಕಟ್ಟು ಹೊರಗಿನವರ ಪರೀಕ್ಷೆ. ೨೦೨೩ರಲ್ಲಿ ಸೆಬಿಯು ಈ ವರದಿಯ ತಿರುಳಾದ ಕೆಲವು ಅಂಕಿಗಳನ್ನು ಆರಿಸಿ, ಅವುಗಳನ್ನು ಸ್ವತಂತ್ರ ಪರೀಕ್ಷಕರಿಂದ ದೃಢಪಡಿಸಬೇಕೆಂದು ವಿಧಿಸಿತು. ಮೊದಲ ೧೫೦ ಕಂಪೆನಿಗಳಿಗೆ ೨೦೨೩–೨೪ರಿಂದಲೂ, ಕ್ರಮವಾಗಿ ಹೆಚ್ಚಿಸಿ ೧,೦೦೦ ಕಂಪೆನಿಗಳಿಗೆ ೨೦೨೬–೨೭ರಿಂದಲೂ ಇದು ಅನ್ವಯಿಸುವಂತೆ ಗೊತ್ತಾಯಿತು. ೨೦೨೫ರಲ್ಲಿ ದೃಢೀಕರಣಕ್ಕೆ ಬದಲಾಗಿ ಬೇರೊಂದು ಬಗೆಯ ಮೌಲ್ಯಮಾಪನವನ್ನೂ ಆರಿಸಿಕೊಳ್ಳಬಹುದೆಂದು ಸಡಿಲಿಸಿದರು. ಪರೀಕ್ಷಕನಿಗೆ ಕಂಪೆನಿಯೊಡನೆ ಬೇರೆ ಹಿತಸಂಬಂಧ ಇರಬಾರದೆಂದು ನೋಡಿಕೊಳ್ಳುವ ಹೊಣೆ ಮಂಡಳಿಯದೇ. ಮನೆಪಾಠ ಹೇಳಿ ಹಣ ಪಡೆದವನೇ ಪರೀಕ್ಷೆಯ ಉತ್ತರ ಪತ್ರಿಕೆಯನ್ನೂ ತಿದ್ದಬಾರದೆಂಬುದು ನಮ್ಮ ಮೇಷ್ಟರುಗಳ ವೃತ್ತಿಯಲ್ಲಿ ಎಲ್ಲರೂ ಬಲ್ಲ ನೀತಿ, ಇಲ್ಲಿಯೂ ಅದೇ.

ಈ ಸಂಬಂಧ ಒಮ್ಮುಖವಾದುದಲ್ಲವೆಂಬುದನ್ನೂ ಹೇಳಬೇಕು. ಆಡಳಿತ ವರದಿಯನ್ನು ನಂಬಿಕೆಗೆ ಅರ್ಹಗೊಳಿಸುವಂತೆ ವರದಿಯೂ ಆಡಳಿತವನ್ನು ತಿದ್ದುತ್ತದೆ. ಕೇಳದಿದ್ದ ಪ್ರಶ್ನೆಗೆ ಉತ್ತರ ಹುಡುಕುವವರಿಲ್ಲ. ನೀರಿನ ಅಂಕಿಯನ್ನು ಅಚ್ಚು ಹಾಕಿಸಬೇಕೆಂದಾದ ಮೇಲೆ ಕೊಳವೆಗೆ ಮೀಟರು ಬೇಕಾಗುತ್ತದೆ. ಮೀಟರು ಬಂದ ಮೇಲೆ ದಿನವಹಿಯಲ್ಲಿ ಅಂಕಿ ಏರುತ್ತದೆ. ಆ ಅಂಕಿ ವರ್ಷಕ್ಕೊಮ್ಮೆಯಾದರೂ ಮಂಡಳಿಯ ಮೇಜಿನ ಮೇಲೆ ಬಂದು ಕೂರುತ್ತದೆ. ಹಣವನ್ನು ಮಾತ್ರ ನೋಡುತ್ತಿದ್ದ ಕಣ್ಣಿಗೆ ನೀರೂ ಕಾಣತೊಡಗುತ್ತದೆ.

ಇದರಲ್ಲಿ ಕಷ್ಟಗಳಿಲ್ಲವೆಂದು ನಾನು ಹೇಳಲಾರೆ. ಇಷ್ಟೆಲ್ಲ ಅಳೆಯುವುದಕ್ಕೆ ಖರ್ಚುಂಟು. ಸಣ್ಣ ಕಂಪೆನಿಗಳಿಗೆ ಇದು ಹೊರೆ. ಯೂರೋಪಿನಲ್ಲಿಯೂ ೨೦೨೨ರಲ್ಲಿ ನಿಯಮಗಳನ್ನು ವಿಸ್ತರಿಸಿ, ಹೊರೆ ಹೆಚ್ಚಾಯಿತೆಂಬ ಕೂಗಿನಿಂದ ೨೦೨೫ರಲ್ಲಿ ಅವುಗಳನ್ನು ಕಡಿಮೆ ಮಾಡುವ ಪ್ರಸ್ತಾಪ ತಂದರು. ಪುಟಗಳು ಹೆಚ್ಚಿದಷ್ಟೂ ಸತ್ಯ ಹೆಚ್ಚುವುದೆಂಬ ನಿಯಮವೇನೂ ಇಲ್ಲ. ಹತ್ತು ಸರಿಯಾದ ಅಂಕಿಗಳು ನೂರು ಪುಟಗಳ ವರ್ಣನೆಗಿಂತ ಮೇಲು.

ಓದುವವರು ಏನನ್ನು ನೋಡಬೇಕು?

ಇಂಥ ವರದಿಗಳು ಗುಟ್ಟಿನ ದಸ್ತೈವಜುಗಳಲ್ಲ. ಕಂಪೆನಿಯ ವಾರ್ಷಿಕ ವರದಿಯೊಳಗೆ, ಷೇರುಪೇಟೆಯ ಅಂತರಜಾಲ ತಾಣದಲ್ಲಿ ಯಾರಿಗಾದರೂ ಸಿಗುತ್ತವೆ. ನಿಮ್ಮ ಊರಿನ ಪಕ್ಕದಲ್ಲಿ ದೊಡ್ಡ ಕಾರ್ಖಾನೆಯಿದ್ದರೆ, ಅಥವಾ ನಿಮ್ಮ ಉಳಿತಾಯದ ಹಣ ಅಲ್ಲಿದ್ದರೆ, ಒಮ್ಮೆ ತೆರೆದು ನೋಡಿ. ಇಂಗ್ಲಿಷು ತೊಡಕಾದರೆ ಕಾಲೇಜಿಗೆ ಹೋಗುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಗ ನಾಲ್ಕು ಸಂಗತಿಗಳನ್ನು ಗಮನಿಸಿದರೆ ಸಾಕು.

ಮೊದಲನೆಯದು, ದಾನವನ್ನೂ ಹೊಣೆಯನ್ನೂ ಬೆರಸಬೇಡಿ. ಗೊತ್ತಾದ ಗಾತ್ರವನ್ನು ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ ೨ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚುಮಾಡಬೇಕೆಂದು ೨೦೧೩ರ ಕಾನೂನಿನಲ್ಲಿದೆ. ಅದರಿಂದ ಶಾಲೆಗೆ ಬಣ್ಣ ಬಂದರೆ ಸಂತೋಷವೇ. ಆದರೆ ಶಾಲೆಯ ಗೋಡೆಯ ಬಣ್ಣ ಹೊಳೆಯ ನೀರಿನ ಬಣ್ಣಕ್ಕೆ ಉತ್ತರವಾಗಲಾರದು. ಕಂಪೆನಿ ಲಾಭವನ್ನು ಹೇಗೆ ಖರ್ಚುಮಾಡಿತೆಂಬುದು ಒಂದು ಪ್ರಶ್ನೆ. ಹೇಗೆ ಗಳಿಸಿತೆಂಬುದು ಇನ್ನೊಂದು. ಸುಸ್ಥಿರತೆಯ ವರದಿ ಎರಡನೆಯದಕ್ಕೆ ಸಂಬಂಧಿಸಿದ್ದು.

ಎರಡನೆಯದು, ಒಟ್ಟು ಮೊತ್ತವನ್ನೂ ಪ್ರಮಾಣವನ್ನೂ ಬೇರೆ ಬೇರೆಯಾಗಿ ನೋಡಿ. ಒಂದು ಕಾರ್ಖಾನೆ ಹೋದ ವರ್ಷ ೧೦೦ ಕೋಟಿ ರೂಪಾಯಿ ವ್ಯಾಪಾರ ಮಾಡಿ ೧೦ ಲಕ್ಷ ಕಿಲೋಲೀಟರು ನೀರು ಬಳಸಿತೆಂದು ಇಟ್ಟುಕೊಳ್ಳಿ. ಈ ವರ್ಷ ೧೫೦ ಕೋಟಿ ವ್ಯಾಪಾರ, ೧೨ ಲಕ್ಷ ಕಿಲೋಲೀಟರು ನೀರು. ಕೋಟಿ ರೂಪಾಯಿಗೆ ೧೦,೦೦೦ ಕಿಲೋಲೀಟರು ಇದ್ದದ್ದು ೮,೦೦೦ಕ್ಕೆ ಇಳಿಯಿತು. ‘ನೀರಿನ ಬಳಕೆ ಶೇಕಡ ೨೦ ಕಡಿಮೆ’ ಎಂದು ದಪ್ಪ ಅಕ್ಷರದಲ್ಲಿ ಬರೆಯಬಹುದು. ಮಾತು ಸುಳ್ಳಲ್ಲ. ಆದರೆ ಹೊಳೆ ಕೊಟ್ಟದ್ದು ಹೋದ ವರ್ಷಕ್ಕಿಂತ ೨ ಲಕ್ಷ ಕಿಲೋಲೀಟರು ಹೆಚ್ಚು. ಹೊಳೆಗೆ ಪ್ರಮಾಣದ ಗಣಿತ ತಿಳಿಯದು. ಅದಕ್ಕೆ ಗೊತ್ತಿರುವುದು ಒಟ್ಟು ಮೊತ್ತ ಮಾತ್ರ. ನಮೂನೆಯಲ್ಲಿ ಹಿಂದಿನ ವರ್ಷದ ಅಂಕಿಯನ್ನೂ ಪಕ್ಕದಲ್ಲಿಯೇ ಕೊಡಬೇಕಾದುದರಿಂದ ಈ ಹೋಲಿಕೆಯನ್ನು ಯಾರಾದರೂ ಮಾಡಬಹುದು.

ಮೂರನೆಯದು, ಕೆಟ್ಟ ಸುದ್ದಿಯನ್ನು ಹುಡುಕಿ. ಸಾವಿರಾರು ಜನ ದುಡಿಯುವ ಕಾರ್ಖಾನೆಯಲ್ಲಿ ವರ್ಷವಿಡೀ ಒಂದು ಗಾಯವೂ ಇಲ್ಲ, ಒಂದು ದೂರೂ ಇಲ್ಲವೆಂದರೆ, ಅಲ್ಲಿ ಗಾಯಗಳಿಲ್ಲವೋ ಬರೆಯುವವರಿಲ್ಲವೋ ಎಂದು ಸಂಶಯಪಡುವುದು ತಪ್ಪಲ್ಲ. ತನ್ನ ಕೊರತೆಯನ್ನು ತಾನೇ ಅಂಕಿಯಲ್ಲಿ ಹೇಳಿಕೊಂಡ ಕಂಪೆನಿ ಹೆಚ್ಚು ನಂಬಿಕೆಗೆ ಪಾತ್ರ. ಗುತ್ತಿಗೆಯ ಕೂಲಿಗಳ ವಿಷಯ ಬರೆದಿದ್ದಾರೆಯೇ ಎಂಬುದನ್ನೂ ನೋಡಿ. ಅಪಾಯದ ಕೆಲಸ ಅನೇಕ ವೇಳೆ ಅವರ ಪಾಲಿಗೇ ಬರುತ್ತದೆ.

ನಾಲ್ಕನೆಯದು, ಹೆಸರುಗಳನ್ನು ನೋಡಿ. ಹೊಣೆ ಹೊತ್ತ ನಿರ್ದೇಶಕ ಯಾರು, ಅಂಕಿಗಳನ್ನು ಪರೀಕ್ಷಿಸಿದವರು ಯಾರು, ಮಂಡಳಿಯಲ್ಲಿ ಮಾಲೀಕರ ಮನೆಯವರಲ್ಲದ ಸ್ವತಂತ್ರರು ಎಷ್ಟು ಜನ, ಅವರು ಎಷ್ಟು ಸಭೆಗಳಿಗೆ ಬಂದರು ಎಂಬುದೆಲ್ಲ ವಾರ್ಷಿಕ ವರದಿಯಲ್ಲಿಯೇ ಇರುತ್ತದೆ. ಈ ನಾಲ್ಕನೆಯ ಸಂಗತಿ ದುರ್ಬಲವಾಗಿದ್ದರೆ ಮೊದಲ ಮೂರರ ಅಂಕಿಗಳನ್ನು ಎಚ್ಚರದಿಂದ ತೆಗೆದುಕೊಳ್ಳಬೇಕು.

ಹೊಣೆಗಾರಿಕೆಗೆ ನಮ್ಮ ಭಾಷೆಯಲ್ಲಿ ‘ಉತ್ತರದಾಯಿತ್ವ’ವೆಂಬ ಇನ್ನೊಂದು ಪದವುಂಟು. ಉತ್ತರವನ್ನು ಕೊಡುವವನು ಉತ್ತರದಾಯಿ. ಪದದ ಒಳಗೇ ಅದರ ನಿಯಮವೂ ಅಡಗಿದೆ. ಉತ್ತರವಿರಬೇಕಾದರೆ ಮೊದಲು ಪ್ರಶ್ನೆ ಇರಬೇಕು. ಕಾನೂನು ನಮೂನೆಯನ್ನು ಕೊಟ್ಟಿದೆ. ಮಂಡಳಿ ರುಜು ಹಾಕುತ್ತದೆ, ಪರೀಕ್ಷಕನು ಮುದ್ರೆಯೊತ್ತುತ್ತಾನೆ. ಇಷ್ಟೆಲ್ಲ ಆಗಿಯೂ ಆ ಪುಟಗಳನ್ನು ತೆರೆದು ನೋಡುವವರೇ ಇಲ್ಲದಿದ್ದರೆ, ಬರೆಯುವ ಕೈ ಬರಬರುತ್ತ ಸಡಿಲವಾಗುವುದು ಮನುಷ್ಯಸ್ವಭಾವ. ತರಕಾರಿಯವನ ತಕ್ಕಡಿಯ ಮುಳ್ಳನ್ನು ನೋಡದೆ ನಾವು ಒಂದು ಸೇರು ಹುರುಳಿಕಾಯಿಯನ್ನೂ ಕೊಳ್ಳುವುದಿಲ್ಲ. ನಮ್ಮ ಉಳಿತಾಯವನ್ನೂ ನಮ್ಮ ಊರಿನ ನೀರನ್ನೂ ಒಪ್ಪಿಸಿರುವಲ್ಲಿ ಆ ಮುಳ್ಳಿನ ಮೇಲೆ ಕಣ್ಣಿಡುವುದು ಅತಿಯಾದ ಸಂಶಯವಲ್ಲ, ಗೃಹಸ್ಥನ ಧರ್ಮ.